ಬಿಷಪ್ಪರ ಮಗ ಮತ್ತು ಬಾಜಿಯ ಲೆಕ್ಕ

ಜಾರ್ಜ್ ಜೂಲಿಯಸ್ ಕಟ್ಟಲು ಹೊರಟದ್ದು ಮತ ಎಣಿಸುವ ಯಂತ್ರವನ್ನು. ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿತ್ತು. ಆಸ್ಟ್ರೇಲಿಯಾದಲ್ಲಿ ಎಂಜಿನಿಯರ್ ಆಗಿದ್ದ ಆತನ ತಲೆಗೆ ಗೆಳೆಯನೊಬ್ಬ ಹುಳ ಬಿಟ್ಟಿದ್ದ. ಚುನಾವಣೆ ಮುಗಿದ ಮೇಲೆ ಚೀಟಿ ಎಣಿಸುವಾಗಿನ ತಡ, ತಕರಾರು, ಕೈಚಳಕ ಎಲ್ಲವನ್ನೂ ಒಂದು ಯಂತ್ರ ತಪ್ಪಿಸುವಂತಿದ್ದರೆ ಹೇಗೆ? ಮನುಷ್ಯನ ಕೈಯೇ ಸೋಕದೆ ಫಲಿತಾಂಶ ಹೊರಬಿದ್ದರೆ? ಜೂಲಿಯಸ್ ಕೂತು, ಬರೆದು, ಅಳಿಸಿ, ಕೊನೆಗೆ ಅಂಥದೊಂದು ಯಂತ್ರದ ವಿನ್ಯಾಸ ಸಿದ್ಧಪಡಿಸಿದ. ಅದು ಸರ್ಕಾರದ ಮೇಜಿಗೆ ಹೋಯಿತು. ಅಲ್ಲಿದ್ದವರು ನೋಡಿದರು, ಸ್ವಲ್ಪ ಕುತೂಹಲವನ್ನೂ ತೋರಿದರು, ಆಮೇಲೆ ಬೇಡ ಎಂದರು.

ಬೇರೆ ಯಾರಾದರೂ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಜೂಲಿಯಸ್‌ಗೆ ಯಂತ್ರದ ಹುಚ್ಚು ಬಾಲ್ಯದ್ದು. 1873ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಹುಟ್ಟಿದ ಆತ, ಪಾದ್ರಿಯಾಗಿದ್ದ ತಂದೆಯ ಜೊತೆ 1884ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ. ತಂದೆ ಚರ್ಚಿಲ್ ಜೂಲಿಯಸ್ 1890ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಿಷಪ್ ಆದರು. ಮಗ ಅಲ್ಲಿನ ಕ್ಯಾಂಟರ್‌ಬರಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ. 1896ರಲ್ಲಿ ಪರ್ತ್‌ಗೆ ಹೋಗಿ ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರಿ ರೈಲ್ವೆಯಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ. ಅಲ್ಲಿನ ಗಟ್ಟಿಮರಗಳು ಎಷ್ಟು ಭಾರ ತಾಳುತ್ತವೆಂದು ಒಂದೊಂದನ್ನೂ ಪರೀಕ್ಷಿಸಿ ವರದಿ ಬರೆದ. ಅಷ್ಟರಲ್ಲಿ ಸಿ. ವೈ. ಓಕಾನರ್‌ರ ಮಗಳು ಇವಾಳನ್ನು ಮದುವೆಯಾಗಿದ್ದ. ಓಕಾನರ್ ಎಂದರೆ ಫ್ರೀಮ್ಯಾಂಟಲ್ ಬಂದರನ್ನು ಕಟ್ಟಿದ, ಮರುಭೂಮಿಯ ಚಿನ್ನದ ಗಣಿಗಳಿಗೆ ನೂರಾರು ಕಿಲೋಮೀಟರ್ ದೂರ ಕೊಳವೆಯಲ್ಲಿ ನೀರು ಹರಿಸಲು ಹೊರಟ ದೊಡ್ಡ ಎಂಜಿನಿಯರ್. ಟೀಕೆಗಳ ಕಾಟ ತಾಳಲಾರದೆ 1902ರಲ್ಲಿ ಆ ಮನುಷ್ಯ ಪ್ರಾಣ ಕಳೆದುಕೊಂಡ. ಮರುವರ್ಷ ನೀರು ಗಣಿಗಳನ್ನು ಮುಟ್ಟಿತು. ಜನ ನಗುವ ಯೋಜನೆಗಳು ನಿಜವಾಗುವುದನ್ನೂ, ಅದಕ್ಕೆ ತೆರಬೇಕಾದ ಬೆಲೆಯನ್ನೂ ಅಳಿಯ ಮನೆಯೊಳಗೇ ಕಂಡಿದ್ದ.

ಮತಯಂತ್ರ ಮೂಲೆ ಸೇರಿತು. ಅದೇ ಹೊತ್ತಿಗೆ ಸಮುದ್ರದಾಚೆ, ರೇಸ್ ಮೈದಾನಗಳಲ್ಲಿ ಬೇರೊಂದು ಎಣಿಕೆಯ ತಲೆನೋವು ಬೆಳೆಯುತ್ತಿತ್ತು.

ಆ ತಲೆನೋವಿನ ಬೇರು ಇದ್ದದ್ದು ಪ್ಯಾರಿಸ್ಸಿನಲ್ಲಿ. ಅಲ್ಲೊಂದು ಹೊಸ ಪದ್ಧತಿ ಹುಟ್ಟುವ ಮುಂಚೆ ಕುದುರೆ ಬಾಜಿ ಎಂದರೆ ಬುಕ್ಕಿಗಳ ರಾಜ್ಯ. ಬುಕ್ಕಿ ತನ್ನ ಬೋರ್ಡಿನ ಮೇಲೆ ಪ್ರತಿ ಕುದುರೆಯ ಮುಂದೆ ಒಂದು ದರ ಬರೆಯುತ್ತಿದ್ದ. ಇಂಗ್ಲೆಂಡಿನಲ್ಲಿ ಆ ದರ ಭಿನ್ನರಾಶಿಯಲ್ಲಿರುತ್ತಿತ್ತು: 5/2, 11/8, 100/30. ಎಂಟು ಪೌಂಡ್ ಕಟ್ಟಿದವನಿಗೆ ಗೆದ್ದರೆ ಹನ್ನೊಂದು ಪೌಂಡ್ ಲಾಭ, ಅದು 11/8. ಪೌಂಡಿಗೆ ಇಪ್ಪತ್ತು ಶಿಲಿಂಗ್, ಶಿಲಿಂಗಿಗೆ ಹನ್ನೆರಡು ಪೆನ್ಸ್ ಇದ್ದ ನಾಡಿನಲ್ಲಿ ಎಂಟು, ನಾಲ್ಕು, ಎರಡರ ಭಾಗಗಳು ಜನರ ನಾಲಿಗೆ ತುದಿಯಲ್ಲೇ ಇದ್ದವು. ಆದ್ದರಿಂದ ಆ ಲೆಕ್ಕ ಅವರಿಗೆ ಕಷ್ಟವೆನಿಸಲಿಲ್ಲ. ಮುಂದಿನ ದಿನಗಳಲ್ಲಿ ಬಿಳಿ ಕೈಗವಸು ತೊಟ್ಟ ಸನ್ನೆಗಾರರು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂಗು, ಕಿವಿ, ಮೊಣಕೈ ಮುಟ್ಟಿ ದರಗಳನ್ನು ರವಾನಿಸುತ್ತಿದ್ದರು. ದರ ಏರುವುದು, ಇಳಿಯುವುದು ಬುಕ್ಕಿಯ ಮರ್ಜಿ, ಅವನ ಅಂದಾಜು, ಅವನ ಭಯ. ಎಡವಿದರೆ ಅವನೇ ದಿವಾಳಿ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಓಡಿಹೋದರೆ ಗೆದ್ದವನ ಕೈಗೆ ಚೊಂಬು.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ಜೋಸೆಫ್ ಓಲೆ ಸ್ವತಃ ಬಾಜಿಯ ದಂಧೆಯಲ್ಲಿದ್ದವನು. 1867ರ ಸುಮಾರಿಗೆ ಆತ ಒಂದು ಹೊಸ ದಾರಿ ಹಿಡಿದ. ದರ ಹೇಳುವ ಅಧಿಕಾರವನ್ನೇ ಬಿಟ್ಟುಕೊಟ್ಟ. ಎಲ್ಲರ ಹಣವೂ ಒಂದೇ ರಾಶಿಗೆ ಬೀಳಲಿ. ಓಟ ಮುಗಿದ ಮೇಲೆ ತನ್ನ ಪಾಲು ಕಳೆದು, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರು ಹಂಚಿಕೊಳ್ಳಲಿ. ಬಾಜಿ ಈಗ ಬುಕ್ಕಿಗೂ ಗಿರಾಕಿಗೂ ನಡುವೆ ಅಲ್ಲ, ಗಿರಾಕಿ ಗಿರಾಕಿಗಳ ನಡುವೆ. ಯಾವ ಕುದುರೆ ಗೆದ್ದರೂ ರಾಶಿ ಕಾಯುವವನಿಗೆ ನಷ್ಟವಿಲ್ಲ, ಓಡಿಹೋಗುವ ಕಾರಣವೂ ಇಲ್ಲ. ಈ ವ್ಯವಸ್ಥೆಗೆ ‘ಪಾರಿ ಮ್ಯೂಚುವಲ್’ ಎಂಬ ಹೆಸರು ನಿಂತಿತು. ಓಲೆಗೆ ಅದು ಹಣವನ್ನೂ ತಂದಿತು, ಜೈಲನ್ನೂ ತೋರಿಸಿತು. ಅಕ್ರಮ ಜೂಜೆಂದು ನ್ಯಾಯಾಲಯ ಅವನನ್ನು ಕೆಲವು ದಿನ ಒಳಗೆ ಹಾಕಿತು. ಆತ ಬಗ್ಗಲಿಲ್ಲ. 1889ರಲ್ಲಿ ಮೂಲಾಂ ರೂಜ್ ಎಂಬ ನೃತ್ಯಶಾಲೆಯನ್ನು ಪಾಲುದಾರನೊಂದಿಗೆ ತೆರೆದದ್ದೂ ಇದೇ ಓಲೆ. ಕೊನೆಗೆ 1891ರಲ್ಲಿ ಫ್ರಾನ್ಸಿನ ಕಾನೂನೇ ಬದಲಾಯಿತು. ಅವನ ರಾಶಿಪದ್ಧತಿ ಸಕ್ರಮವಾಯಿತು.

ಆದರೆ ಈ ಚೆಂದದ ಉಪಾಯದಲ್ಲಿ ಒಂದು ತೂತಿತ್ತು. ಬುಕ್ಕಿಯ ಬೋರ್ಡಿನಲ್ಲಿ ದರ ಮೊದಲೇ ಇರುತ್ತಿತ್ತು. ಕಟ್ಟಿದವನಿಗೆ ತನಗೆ ಸಿಗುವುದೆಷ್ಟೆಂದು ಗೊತ್ತಿರುತ್ತಿತ್ತು. ರಾಶಿಪದ್ಧತಿಯಲ್ಲಿ ಕೊನೆಯ ಟಿಕೆಟ್ ಮಾರಾಟವಾಗುವ ತನಕ ಖಚಿತ ದರವೆಂಬುದೇ ಇರಲಿಲ್ಲ. ಒಂದು ಕುದುರೆಯ ಮೇಲೆ ಹಣ ಬಿದ್ದಂತೆ ಆ ಕುದುರೆಯ ದರ ಇಳಿಯುತ್ತಿತ್ತು, ಉಳಿದವುಗಳದ್ದು ಏರುತ್ತಿತ್ತು. ಜನ ತಿಳಿದು ಬಾಜಿ ಕಟ್ಟಬೇಕಾದರೆ ಪ್ರತಿ ಕುದುರೆಯ ಮೇಲೆ ಎಷ್ಟು ಬಿತ್ತು, ಒಟ್ಟು ಎಷ್ಟು ಸೇರಿತು ಎಂಬುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತಿರಬೇಕು. ತೋರಿಸುವವರು ಯಾರು?

ನ್ಯೂಜಿಲೆಂಡಿನಲ್ಲಿ 1880ರಿಂದಲೇ ಅದಕ್ಕೆ ಗುಮಾಸ್ತರಿದ್ದರು. ಕಿಟಕಿಯಲ್ಲಿ ಕೂತವನು ದುಡ್ಡು ತೆಗೆದುಕೊಂಡು ಕುದುರೆಯ ನಂಬರ್ ಕೂಗುತ್ತಿದ್ದ. ಹಿಂದೆ ನಿಂತವನು ಕೈಯಿಂದ ಅಂಕಿ ತಿರುಗಿಸುತ್ತಿದ್ದ. ಓಟಕ್ಕೆ ಹತ್ತು ನಿಮಿಷ ಇರುವಾಗ ಶುರುವಾಗುವ ನೂಕುನುಗ್ಗಲಿನಲ್ಲಿ ಈ ಏರ್ಪಾಡು ತತ್ತರಿಸುತ್ತಿತ್ತು. ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳಿಸದು. ಏಳು ಎಂದದ್ದು ಒಂದಾಗುವುದು. ಮಾರಿದ ಟಿಕೆಟ್ಟಿಗೂ ಬೋರ್ಡಿನ ಅಂಕಿಗೂ ತಾಳೆ ಬೀಳದು. ತಪ್ಪಿನ ಜೊತೆಗೆ ಮೋಸಕ್ಕೂ ಬಾಗಿಲು ತೆರೆದಿತ್ತು: ಕುದುರೆಗಳು ಗುರಿಯ ಹತ್ತಿರ ಬಂದಾಗ ಗೆಲ್ಲುವ ಕುದುರೆಗೆ ಒಳಗಿನವನೇ ನಾಲ್ಕು ಟಿಕೆಟ್ ಸೇರಿಸಿದರೆ ಹಿಡಿಯುವವರಾರು? ಇಷ್ಟರ ಮೇಲೆ 1910ರಲ್ಲಿ ಅಲ್ಲಿನ ಸಂಸತ್ತು ಬುಕ್ಕಿಗಳನ್ನು ಮೈದಾನದಿಂದಲೇ ಹೊರಗಟ್ಟುವ ಕಾನೂನು ತಂದಿತು. ಅಲ್ಲಿಯವರೆಗೆ ಬುಕ್ಕಿಗಳ ಸುತ್ತ ಹಂಚಿಹೋಗಿದ್ದ ಜನವೆಲ್ಲ ಟೋಟಲೈಸೇಟರ್ ಎಂದು ಕರೆಯುತ್ತಿದ್ದ ಈ ರಾಶಿಬಾಜಿಯ ಕಿಟಕಿಗಳ ಮುಂದೆ ಬಂದು ನಿಂತರು. ಗುಮಾಸ್ತರ ಕೈ ಸೋತಿತು.

ಯಾವುದೋ ರೇಸ್ ಕ್ಲಬ್ಬಿಗೆ ಎಣಿಸುವ ಯಂತ್ರ ಬೇಕಂತೆ ಎಂಬ ಸುದ್ದಿ ಗೆಳೆಯನೊಬ್ಬನಿಂದ ಜೂಲಿಯಸ್‌ನ ಕಿವಿಗೆ ಬಿತ್ತು. ಆ ಹೊತ್ತಿಗೆ ಆತ ಪರ್ತ್ ಬಿಟ್ಟು ಸಿಡ್ನಿಯಲ್ಲಿ ಸಲಹೆಗಾರ ಎಂಜಿನಿಯರ್ ಆಗಿದ್ದ. ಬಿಷಪ್ಪರ ಮಗ ಅದುವರೆಗೆ ರೇಸ್ ಮೈದಾನವನ್ನು ಕಣ್ಣಾರೆ ಕಂಡಿರಲಿಲ್ಲ. ಕುದುರೆಯೂ ಅವನಿಗೆ ಬೇಕಿರಲಿಲ್ಲ, ಬಾಜಿಯೂ ಬೇಕಿರಲಿಲ್ಲ. ಮೂಲೆಯಲ್ಲಿದ್ದ ಮತಯಂತ್ರಕ್ಕೆ ಒಂದು ದಾರಿ ಕಂಡಿತು, ಅಷ್ಟೇ. ಅಭ್ಯರ್ಥಿಯ ಜಾಗದಲ್ಲಿ ಕುದುರೆ, ಮತದ ಜಾಗದಲ್ಲಿ ಟಿಕೆಟ್.

ಕೆಲಸಕ್ಕೆ ಕೈಹಾಕಿದ ಮೇಲೆ ಗೊತ್ತಾಯಿತು, ಗಂಟು ಅಷ್ಟು ಸಲೀಸಾಗಿ ಬಿಚ್ಚುವುದಲ್ಲ ಎಂದು. ಒಂದು ಕಿಟಕಿಯ ಟಿಕೆಟ್ ಎಣಿಸುವುದು ಮಕ್ಕಳಾಟ. ಎರಡು ಕಿಟಕಿಯಲ್ಲಿ ಒಂದೇ ಕುದುರೆಗೆ, ಒಂದೇ ಕ್ಷಣದಲ್ಲಿ ಟಿಕೆಟ್ ಮಾರಿದರೆ? ಎರಡು ಕೊಂಡಿಗಳು ಒಂದೇ ಚಕ್ರವನ್ನು ಒಂದೇ ಹೊತ್ತಿಗೆ ತಳ್ಳುತ್ತವೆ. ಚಕ್ರ ಒಂದು ಹಲ್ಲು ಮಾತ್ರ ಮುಂದೆ ಹೋಗುತ್ತದೆ. ಒಂದು ಟಿಕೆಟ್ ಲೆಕ್ಕದಿಂದ ಮಾಯ. ಕಿಟಕಿಗಳು ಮೂವತ್ತಾದರೆ ಇಂಥ ಡಿಕ್ಕಿ ನಿಮಿಷ ನಿಮಿಷಕ್ಕೂ ಆಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಮಾರಿ ಎಂದು ಗುಮಾಸ್ತರಿಗೆ ಹೇಳುವಂತಿಲ್ಲ, ಓಟ ಕಾಯುವುದಿಲ್ಲ. ಜೂಲಿಯಸ್‌ಗೆ ರುಚಿ ಹತ್ತಿದ್ದು ಇಲ್ಲೇ. ಮೊದಲೇ ಇಷ್ಟು ಜಟಿಲವೆಂದು ತಿಳಿದಿದ್ದರೆ ಬೇರೆಯವರು ದೂರ ಸರಿಯುತ್ತಿದ್ದರು. ಈತ ಹತ್ತಿರ ಹೋದ.

ಉತ್ತರ ಸಿಕ್ಕಿದ್ದು ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಒಂದು ಜೋಡಣೆಯಲ್ಲಿ. ಎರಡು ದಂಡಗಳ ನಡುವೆ ಪುಟ್ಟ ಚಕ್ರವೊಂದು ಎರಡರ ಹಲ್ಲಿಗೂ ಕಚ್ಚಿಕೊಂಡಿರುತ್ತದೆ. ಎಡದ ದಂಡ ತಿರುಗಿದರೆ ಪುಟ್ಟ ಚಕ್ರದ ಚೌಕಟ್ಟು ಅದರ ಅರ್ಧದಷ್ಟು ತಿರುಗುತ್ತದೆ. ಬಲದ್ದು ತಿರುಗಿದರೂ ಹಾಗೆಯೇ. ಎರಡೂ ಒಮ್ಮೆಲೇ ತಿರುಗಿದರೆ ಎರಡರ ಚಲನೆಯೂ ಕೂಡಿ ಬರುತ್ತದೆ, ಯಾವುದೂ ಕಳೆದುಹೋಗುವುದಿಲ್ಲ. ಮೋಟಾರು ಕಾರಿನ ಹಿಂಬದಿ ಅಚ್ಚಿನಲ್ಲಿರುವ ಡಿಫರೆನ್ಷಿಯಲ್ ಕೆಲಸ ಮಾಡುವುದೂ ಇದೇ ತತ್ವದಿಂದ. ಜೂಲಿಯಸ್ ಅದನ್ನು ಕೂಡಿಸುವ ಯಂತ್ರವಾಗಿ ಕಂಡ. ಒಂದನೇ, ಎರಡನೇ ಕಿಟಕಿಗಳ ದಂಡ ಸೇರಿಸಿ ಒಂದು. ಮೂರು, ನಾಲ್ಕನೆಯವು ಸೇರಿಸಿ ಇನ್ನೊಂದು. ಆ ಎರಡು ಸೇರಿ ಮತ್ತೊಂದು. ಹೀಗೆ ಜೋಡಿ ಜೋಡಿಯಾಗಿ ಮೇಲೇರಿ ಕೊನೆಗೆ ಒಂದು ಕುದುರೆಗೆ ಒಂದೇ ದಂಡ, ಅದರ ಮೇಲೆ ಎಲ್ಲ ಕಿಟಕಿಗಳ ಮೊತ್ತ. ಎಲ್ಲ ಕುದುರೆಗಳ ದಂಡಗಳನ್ನು ಇದೇ ರೀತಿ ಕೂಡಿಸಿದರೆ ಒಟ್ಟು ರಾಶಿ.

ಕಾಗದದ ಮೇಲೆ ಗೆದ್ದ ಯಂತ್ರ ಕಬ್ಬಿಣದಲ್ಲಿ ಮುಗ್ಗರಿಸಿತು. ಗ್ಯಾಲರಿಯಿಂದ ಕಾಣಬೇಕಾದರೆ ಅಂಕಿಗಳು ದೊಡ್ಡವಿರಬೇಕು. ದೊಡ್ಡ ಅಂಕಿಗೆ ದೊಡ್ಡ ಚಕ್ರ. ದೊಡ್ಡ ಚಕ್ರಕ್ಕೆ ತೂಕ. ಒಳಗಿನ ಪುಟ್ಟ ಹಲ್ಲುಚಕ್ರಗಳು ಚಕಚಕನೆ ಹಾರುತ್ತಿದ್ದರೆ ಹೊರಗಿನ ಭಾರದ ಚಕ್ರ ಆ ವೇಗಕ್ಕೆ ಮಿಸುಕುತ್ತಿರಲಿಲ್ಲ. ಬಲವಂತವಾಗಿ ಎಳೆದರೆ ಏನಾದರೂ ಮುರಿಯಬೇಕು. ಜೂಲಿಯಸ್‌ನ ವಿನ್ಯಾಸದಲ್ಲಿ ಎರಡರ ನಡುವೆ ತಡೆದಿಟ್ಟುಕೊಳ್ಳುವ ಒಂದು ತಿರುಪು ಬಂತು. ಎಣಿಕೆ ತನ್ನ ವೇಗದಲ್ಲಿ ಆ ತಿರುಪಿನ ಮೇಲೆ ಶೇಖರವಾಗುತ್ತಿತ್ತು, ಭಾರದ ಚಕ್ರ ತನ್ನ ನಿಧಾನದಲ್ಲಿ ಅದನ್ನು ಬಿಡಿಸಿಕೊಳ್ಳುತ್ತ ಹಿಂದೆ ಬರುತ್ತಿತ್ತು. ಅಂಕಿ ಒಂದೆರಡು ಕ್ಷಣ ತಡವಾದೀತು, ತಪ್ಪಾಗದು. ಗಣಕಯಂತ್ರಗಳ ಕಾಲದಲ್ಲಿ ‘ಬಫರ್’ ಎಂದು ಕರೆಯುವ ಉಪಾಯವನ್ನು ಒಬ್ಬ ಎಂಜಿನಿಯರ್ ಉಕ್ಕಿನ ತಿರುಪಿನಲ್ಲಿ ಮಾಡಿ ತೋರಿಸಿದ್ದ. ಇಡೀ ಕತೆಯಲ್ಲಿ ಅತ್ಯಂತ ಜಾಣ ಭಾಗ ಯಾವುದೆಂದರೆ ಈ ತಿರುಪೇ.

ನ್ಯೂಜಿಲೆಂಡಿನ ಆಕ್ಲೆಂಡ್ ರೇಸಿಂಗ್ ಕ್ಲಬ್ ಧೈರ್ಯ ಮಾಡಿತು. ಎಲರ್ಸ್ಲಿ ಮೈದಾನದಲ್ಲಿ ಕಟ್ಟಡ ಎದ್ದಿತು. ಒಳಗೆ ಹೋಗಿ ನೋಡಿದವರಿಗೆ ದಿಗಿಲು: ಎಲ್ಲಿ ನೋಡಿದರೂ ಪಿಯಾನೊ ತಂತಿ, ರಾಟೆ, ಎರಕದ ಪೆಟ್ಟಿಗೆ. ಒಂದು ಕಿಟಕಿಯ ಸನ್ನೆಕೋಲಿನಿಂದ ಹೊರಟ ತಂತಿ ಸೂರಿನ ಕೆಳಗೆ ಹತ್ತಾರು ರಾಟೆ ಹತ್ತಿ ಇಳಿದು ಕುದುರೆಯ ಪೆಟ್ಟಿಗೆ ಮುಟ್ಟುತ್ತಿತ್ತು. ವಿದ್ಯುತ್ ಇರಲಿಲ್ಲ, ಮೇಲಕ್ಕೆ ಸುತ್ತಿಟ್ಟ ಭಾರದ ಗುಂಡುಗಳು ಮೆಲ್ಲಗೆ ಕೆಳಗಿಳಿಯುತ್ತ ಯಂತ್ರವನ್ನು ನಡೆಸಬೇಕಿತ್ತು. ಇದು ನಡೆಯುವುದಿಲ್ಲ ಎಂದವರೇ ಹೆಚ್ಚು.

1913ರ ಈಸ್ಟರ್ ಹಬ್ಬದ ರೇಸ್. ಮೂವತ್ತು ಟಿಕೆಟ್ ಕಿಟಕಿಗಳು ತೆರೆದವು. ಮೊದಲ ಗುಮಾಸ್ತ ಸನ್ನೆ ಎಳೆದ. ತಂತಿ ಬಿಗಿಯಿತು, ಒಳಗೆ ಟಕ್ಕೆಂದಿತು, ಹೊರಗಿನ ಅಂಕಿ ಹೊರಳಿತು. ಆಮೇಲೆ ಜನ ಮುಗಿಬಿದ್ದರು. ಮೂವತ್ತು ಕೈಗಳು ಸನ್ನೆ ಎಳೆಯುತ್ತಿದ್ದವು, ಯಾರು ಯಾರಿಗೂ ಕಾಯಲಿಲ್ಲ, ಯಾರೂ ಏನನ್ನೂ ಕೂಗಲಿಲ್ಲ. ಕುದುರೆ ಕುದುರೆಯ ಮುಂದಿನ ಅಂಕಿಗಳೂ, ಎಲ್ಲಕ್ಕೂ ಮೇಲಿನ ಒಟ್ಟು ಮೊತ್ತವೂ ಜನರ ಕಣ್ಣೆದುರೇ ಏರುತ್ತ ಹೋದವು. ಯಂತ್ರ ನಿಲ್ಲಲಿಲ್ಲ. ಸಾವಿರಾರು ಜನರ ಲೆಕ್ಕವನ್ನು ಅವರ ಮುಂದೆಯೇ ಕೂಡಿಸಿ ತೋರಿಸುವ ಇಂಥ ಯಂತ್ರ ಜಗತ್ತಿನಲ್ಲಿ ಅದೇ ಮೊದಲು.

ಎರಡನೆಯ ಯಂತ್ರ ಪರ್ತ್‌ನಲ್ಲಿ ಬಂತು. ಅಲ್ಲಿ ತಂತಿ, ಗುಂಡುಗಳ ಬದಲು ವಿದ್ಯುತ್ ಓಡಿತು. 1917ರಲ್ಲಿ ಜೂಲಿಯಸ್ ಆಟೊಮ್ಯಾಟಿಕ್ ಟೋಟಲೈಸೇಟರ್ಸ್ ಎಂಬ ಕಂಪನಿ ಕಟ್ಟಿದ. ಸಿಡ್ನಿಯ ರ‍್ಯಾಂಡ್ವಿಕ್‌ಗೆ ಯಂತ್ರ ಹೋಯಿತು. 1928ರಲ್ಲಿ ಪ್ಯಾರಿಸ್ಸಿನ ಲಾಂಗ್‌ಶಾಂಪ್ ಮೈದಾನಕ್ಕೂ ಹೋಯಿತು. ಓಲೆ ತನ್ನ ರಾಶಿಪದ್ಧತಿಗಾಗಿ ಜೈಲು ಕಂಡ ಊರದು. ಆದರೆ ಆತ 1922ರಲ್ಲೇ ತೀರಿಕೊಂಡಿದ್ದ. ಜೂಲಿಯಸ್‌ಗೆ ಇದರ ನಡುವೆಯೇ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಮಂಡಳಿಯ ಮೊದಲ ಅಧ್ಯಕ್ಷ ಪದವಿ ಬಂತು, 1929ರಲ್ಲಿ ಸರ್ ಬಿರುದೂ ಬಂತು.

ಇಷ್ಟೆಲ್ಲ ಆದರೂ ಬಾಜಿ ಕಟ್ಟಲು ಬಂದ ಬಡಪಾಯಿಯ ಕಷ್ಟ ಪೂರ್ತಿ ನೀಗಿರಲಿಲ್ಲ. ಎಲರ್ಸ್ಲಿಯ ಬೋರ್ಡು ತೋರಿಸಿದ್ದು ಮೊತ್ತವನ್ನು, ದರವನ್ನಲ್ಲ. ಒಟ್ಟು ರಾಶಿಯಿಂದ ಕ್ಲಬ್ಬಿನ ಕಡಿತ ತೆಗೆದು, ಬಂದದ್ದನ್ನು ತನ್ನ ಕುದುರೆಯ ಮೊತ್ತದಿಂದ ಭಾಗಿಸುವ ಕೆಲಸ ಅವನ ತಲೆಗೇ ಬಿದ್ದಿತ್ತು, ಅದೂ ನೂಕುನುಗ್ಗಲಿನಲ್ಲಿ, ಅಂಕಿಗಳು ಬದಲಾಗುತ್ತಿರುವಾಗ. ಕೂಡುವ ಚಕ್ರಗಳಿಗಿಂತ ಭಾಗಿಸುವ ಚಕ್ರಗಳನ್ನು ಮಾಡುವುದು ಕಠಿಣ. ಎಲರ್ಸ್ಲಿಯಾಗಿ ಎಷ್ಟೋ ವರ್ಷಗಳ ಮೇಲೆ ಜೂಲಿಯಸ್‌ನ ಕಂಪನಿ ಅನುಪಾತವನ್ನೇ ಲೆಕ್ಕ ಹಾಕುವ ಯಂತ್ರ ತಯಾರಿಸಿತು. ಅದರ ಫಲಕದಲ್ಲಿ ಪ್ರತಿ ಕುದುರೆಗೂ ಉದ್ದನೆಯ ಪಟ್ಟಿ. ಹಣ ಬಿದ್ದಂತೆ ಆ ಪಟ್ಟಿ ಏರಿಳಿದು, ದರ ಇಷ್ಟು ಎಂದು ಭಾಗಾಕಾರ ಬಾರದವನಿಗೂ ಕಾಣುತ್ತಿತ್ತು.

ಅಮೆರಿಕದಲ್ಲಿ ಇದೇ ಕೊರತೆ ಒಬ್ಬನನ್ನು ರೇಗಿಸಿಬಿಟ್ಟಿತು. 1927ರಲ್ಲಿ ಮೇರಿಲ್ಯಾಂಡಿನ ಮೈದಾನವೊಂದರಲ್ಲಿ ಹ್ಯಾರಿ ಸ್ಟ್ರಾಸ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಒಂದು ಕುದುರೆಯ ಮೇಲೆ ಕಟ್ಟಿದ. ಬೋರ್ಡಿನಲ್ಲಿ ದರ ಒಂದಕ್ಕೆ ಹನ್ನೆರಡು. ಕುದುರೆ ಗೆದ್ದಿತು. ಸ್ಟ್ರಾಸ್ ಖುಷಿಯಿಂದ ಕಿಟಕಿಗೆ ಹೋದರೆ ಕೈಗೆ ಬಂದದ್ದು ಒಂದಕ್ಕೆ ನಾಲ್ಕರ ಆಸುಪಾಸು. ಯಾರೂ ಮೋಸ ಮಾಡಿರಬೇಕೆಂದಿಲ್ಲ. ಗುಮಾಸ್ತರು ಪೆನ್ಸಿಲ್ಲಿನಲ್ಲಿ ಲೆಕ್ಕ ಮುಗಿಸಿ ಬೋರ್ಡಿಗೆ ಏರಿಸುವಷ್ಟರಲ್ಲಿ ಆ ಅಂಕಿ ಹಳಸಿ ಹೋಗುತ್ತಿತ್ತು. ಕೊನೆಯ ನಿಮಿಷಗಳಲ್ಲಿ ಸುರಿದ ಹಣವನ್ನು ಬೋರ್ಡು ಕಾಣುತ್ತಲೇ ಇರಲಿಲ್ಲ. ಸೋತವರು ಸಿಡುಕುವುದು ಲೋಕರೂಢಿ. ಸ್ಟ್ರಾಸ್ ಗೆದ್ದು ಸಿಡುಕಿದ. ಕಟ್ಟಿದವನಿಗೆ ತನ್ನ ದರ ಅದೇ ಕ್ಷಣದಲ್ಲಿ ಕಾಣಬೇಕೆಂದು ಹಟ ಹಿಡಿದು ವಿದ್ಯುತ್ ರಿಲೇಗಳ ಯಂತ್ರ ಕಟ್ಟಿದ. 1932ರಲ್ಲಿ ಫ್ಲಾರಿಡಾದ ಹಾಯಲಿಯಾ ಮೈದಾನಕ್ಕೆ ಜೂಲಿಯಸ್‌ನ ಯಂತ್ರ ಬಂದು ನಿಂತಿತು. ಮರುವರ್ಷ ಶಿಕಾಗೋ ಬಳಿಯ ಆರ್ಲಿಂಗ್ಟನ್ ಪಾರ್ಕ್‌ನಲ್ಲಿ ಸ್ಟ್ರಾಸ್‌ನ ಯಂತ್ರ. ಅಲ್ಲಿಂದ ಮುಂದೆ ಅಮೆರಿಕದ ಮೈದಾನಗಳಲ್ಲಿ ದೊಡ್ಡ ಬೋರ್ಡುಗಳ ಮೇಲೆ ಬಲ್ಬಿನ ಅಂಕಿಗಳು ಬೆಳಗಿ, ಹಣ ಬಂದಂತೆಲ್ಲ ಬದಲಾಗತೊಡಗಿದವು.

ಸ್ಟ್ರಾಸ್‌ನ ಹಟಕ್ಕೆ ಯಾರೂ ನಿರೀಕ್ಷಿಸದ ಬಾಲವೊಂದಿತ್ತು. ಎನಿಯಾಕ್ ಗಣಕವನ್ನು ಕಟ್ಟಿದ ಎಕರ್ಟ್ ಮತ್ತು ಮಾಕ್ಲಿ ಸ್ವಂತ ಕಂಪನಿ ತೆರೆದು ಹಣವಿಲ್ಲದೆ ಮುಳುಗುತ್ತಿದ್ದಾಗ, 1948ರಲ್ಲಿ ಐದು ಲಕ್ಷ ಡಾಲರ್ ಕೊಟ್ಟು ಎತ್ತಿ ಹಿಡಿದದ್ದು ಸ್ಟ್ರಾಸ್‌ನ ಅಮೆರಿಕನ್ ಟೋಟಲೈಸೇಟರ್ ಕಂಪನಿ. ಕೋಟಿಗಟ್ಟಲೆ ಅಂಕಿ ಕೂಡಿಸುವ ಯಂತ್ರದ ಬೆಲೆ ಏನೆಂದು ಬ್ಯಾಂಕುಗಳಿಗಿಂತ ರೇಸ್ ಬೋರ್ಡಿನವನಿಗೆ ಚೆನ್ನಾಗಿ ಗೊತ್ತಿತ್ತು. 1949ರ ಅಕ್ಟೋಬರಿನಲ್ಲಿ ಸ್ಟ್ರಾಸ್ ವಿಮಾನ ಅಪಘಾತದಲ್ಲಿ ಸತ್ತ. ಕಂಪನಿ ಕೈ ಹಿಂತೆಗೆದುಕೊಂಡಿತು, ಎಕರ್ಟ್ ಮತ್ತು ಮಾಕ್ಲಿ ರೆಮಿಂಗ್ಟನ್ ರ‍್ಯಾಂಡ್‌ಗೆ ತಮ್ಮ ಕನಸನ್ನು ಮಾರಬೇಕಾಯಿತು. ಆದರೆ ಅವರ ಹೊಸ ಗಣಕ ಯೂನಿವ್ಯಾಕ್ ಹುಟ್ಟಿತು. 1952ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಯ ರಾತ್ರಿ, ಮತಗಳ ಒಂದು ಸಣ್ಣ ಪಾಲಷ್ಟೇ ಎಣಿಕೆಯಾಗಿದ್ದಾಗ, ಐಸನ್‌ಹೋವರ್ ಭಾರೀ ಅಂತರದಿಂದ ಗೆಲ್ಲುತ್ತಾರೆಂದು ಆ ಗಣಕ ಹೇಳಿತು. ಹೇಳಿದ್ದನ್ನು ನಂಬಲು ಟಿವಿಯವರಿಗೇ ಧೈರ್ಯ ಸಾಲಲಿಲ್ಲ. ಫಲಿತಾಂಶ ಬಂದ ಮೇಲೆ ಒಪ್ಪಿಕೊಂಡರು. ಜೂಲಿಯಸ್ ಅದಕ್ಕೆ ಆರು ವರ್ಷ ಮುಂಚೆಯೇ, 1946ರಲ್ಲಿ, ಸಿಡ್ನಿಯಲ್ಲಿ ತೀರಿಕೊಂಡಿದ್ದ.

ಇಷ್ಟೊಂದು ಜನ ಇಷ್ಟೊಂದು ಹೆಣಗಿ ಬೋರ್ಡಿನ ಮೇಲೆ ತಂದ ಅಂಕಿಯ ಗುಟ್ಟು ನಾಲ್ಕು ಸಾಲಿನಲ್ಲಿ ಹೇಳುವಂಥದ್ದು. ರಾಶಿಯಲ್ಲಿ 1,00,000 ರೂಪಾಯಿ ಸೇರಿದೆ ಎನ್ನೋಣ. ನಡೆಸುವವರ ಕಡಿತ ಶೇಕಡಾ 20 ಹೋದರೆ ಹಂಚಲು ಉಳಿದದ್ದು 80,000. ಒಂದು ಕುದುರೆಯ ಮೇಲೆ ಬಿದ್ದಿರುವುದು 20,000. ಆ ಕುದುರೆ ಗೆದ್ದರೆ ಒಂದು ರೂಪಾಯಿಗೆ ನಾಲ್ಕು ರೂಪಾಯಿ, ಕಟ್ಟಿದ ರೂಪಾಯಿಯೂ ಅದರಲ್ಲೇ ಸೇರಿ.

ಈ ಒಂದೇ ಸಂಗತಿಯನ್ನು ಊರೂರಿನ ಬೋರ್ಡು ತನ್ನ ರೂಢಿಯಂತೆ ಬರೆಯಿತು. ಫ್ರಾನ್ಸ್ ಮೊದಲಾದ ಯುರೋಪಿನ ನಾಡುಗಳಲ್ಲಿ ಅದು 4.00, ಕೈಗೆ ಬರುವ ಪೂರ್ತಿ ಹಣ. ಇಂಗ್ಲೆಂಡಿನ ಬುಕ್ಕಿಗೆ ಲಾಭ ಮಾತ್ರ ಲೆಕ್ಕ, ಆದ್ದರಿಂದ 3/1. ಅಮೆರಿಕದಲ್ಲಿ ಕುದುರೆಯ ಬೋರ್ಡು ಈ ಭಿನ್ನರಾಶಿಯ ದಾರಿಯನ್ನೇ ಹಿಡಿದರೂ ಉಳಿದ ಆಟಗಳ ಬಾಜಿಯಲ್ಲಿ ನೂರು ಡಾಲರ್ ಅಳತೆಗೋಲಾಯಿತು: ನೂರು ಕಟ್ಟಿದರೆ ಮುನ್ನೂರು ಲಾಭ, ಅದಕ್ಕೆ +300. ಗೆಲ್ಲುವ ನೆಚ್ಚಿನ ತಂಡವಾದರೆ ಚಿಹ್ನೆ ತಿರುಗುತ್ತದೆ. -200 ಎಂದರೆ ನೂರು ಗಳಿಸಲು ಇನ್ನೂರು ಕಟ್ಟಬೇಕು. ಅದನ್ನೇ ಇಂಗ್ಲೆಂಡ್ 1/2 ಎಂದಿತು, ಯುರೋಪು 1.50 ಎಂದಿತು. ಹಾಂಗ್‌ಕಾಂಗ್ ಶೈಲಿಯಲ್ಲಿ ಲಾಭವನ್ನಷ್ಟೇ ದಶಮಾಂಶದಲ್ಲಿ ಬರೆದು 0.50 ಎನ್ನುತ್ತಾರೆ. ಇಂಡೋನೇಷ್ಯಾ ಶೈಲಿ ಅಮೆರಿಕದ್ದನ್ನೇ ನೂರರಿಂದ ಭಾಗಿಸಿದ್ದು, -2.00. ಮಲಯ ಶೈಲಿಯಲ್ಲಿ ಮೈನಸ್ ಬೀಳುವುದು ನೆಚ್ಚಿನ ಪಕ್ಷಕ್ಕಲ್ಲ, ಹಿಂದುಳಿದ ಪಕ್ಷಕ್ಕೆ: ಮೊದಲ ಉದಾಹರಣೆಯ ಕುದುರೆ ಅಲ್ಲಿ -0.33. ಬೆಂಗಳೂರು, ಮೈಸೂರಿನ ರೇಸ್ ಫಲಿತಾಂಶಗಳಲ್ಲಿ ಟೋಟ್ ಎಂದು ಪತ್ರಿಕೆಗಳು ಅಚ್ಚುಹಾಕುವ ಅಂಕಿ ಹತ್ತು ರೂಪಾಯಿ ಟಿಕೆಟ್ಟಿನದು. ಅಲ್ಲಿ ಅದೇ ಕುದುರೆ 40 ರೂಪಾಯಿ.

ಯಾವ ಶೈಲಿಯ ಬೋರ್ಡಾದರೂ ಅದನ್ನು ಮೊದಲು ಯುರೋಪಿನ ದಶಮಾಂಶಕ್ಕೆ ತಂದು, ನೂರನ್ನು ಅದರಿಂದ ಭಾಗಿಸಿದರೆ ಆ ಕುದುರೆ ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟೆಂದು ಬೋರ್ಡು ಹೇಳುತ್ತಿದೆ ಎಂಬುದು ಹೊರಬೀಳುತ್ತದೆ. 4.00 ಎಂದರೆ 25. ಓಟದ ಎಲ್ಲ ಕುದುರೆಗಳ ಈ ಶೇಕಡಾವಾರನ್ನು ಕೂಡಿಸಿದರೆ ನೂರು ಬರಬೇಕು. ಮೇಲಿನ ರಾಶಿಯಲ್ಲಿ ಬರುವುದು 125. ಹೆಚ್ಚಾಗಿರುವ 25, ಓಟ ಶುರುವಾಗುವ ಮೊದಲೇ ನಡೆಸುವವರ ಜೇಬು ಸೇರಿದ ಪಾಲು. 125ರಲ್ಲಿ ಅದು ಸರಿಯಾಗಿ ಐದನೆಯ ಒಂದು ಭಾಗ, ಅಂದರೆ ಕಡಿತವಾದ ಅದೇ ಶೇಕಡಾ 20.